ಸೈಕಲ್ಲಿನ ಹ್ಯಾಂಡಲ್ ಮತ್ತು ನಮ್ಮ ಕೈ



ಇವತ್ತು ಸ್ಲೇಟು ಬಳಪ ಪಕ್ಕಕ್ಕಿಡಿ. ಸೈಕಲ್ಲಿನ ಮಾತು ಆಡೋಣ.

ಹೋದ ವಾರ ನಮ್ಮ ಕೇಂದ್ರದ ಒಬ್ಬ ಅಕ್ಕ ಸೈಕಲ್ ಕಲಿಯಲು ಹೋಗಿ ಬಿದ್ದರು. ಮೊಣಕೈ ತರಚಿತು. ಅದು ವಾಸಿ ಆಗುತ್ತೆ. ಆದರೆ ಅವರು ಒಂದು ಮಾತು ಅಂದರು. "ಟೀಚರೇ, ನನ್ನ ಕೈಯಲ್ಲಿ ಹ್ಯಾಂಡಲ್ ನಿಲ್ಲೋದೇ ಇಲ್ಲ. ಈ ವಯಸ್ಸಿನಲ್ಲಿ ನನಗ್ಯಾಕೆ ಬೇಕಿತ್ತು ಇದು?" ಆಮೇಲೆ ಎರಡು ದಿನ ಅವರು ಸೈಕಲ್ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಷರ ಕಲಿಯಲೂ ಬರಲಿಲ್ಲ. ಅದು ನನಗೆ ಬಹಳ ಬೇಸರ ತಂತು.

ನಾನು ಅವರ ಮನೆಗೆ ಹೋಗಿ ಸೈಕಲ್ ನೋಡಿದೆ. ಅದು ಅವರ ಗಂಡನದು. ಅವರು ಆರಡಿ ಆಳು. ಈ ಅಕ್ಕ ಐದಡಿಗೂ ಕಡಿಮೆ. ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿಯಬೇಕಾದರೆ ಎರಡೂ ತೋಳು ಕೋಲಿನ ಹಾಗೆ ಚಾಚಬೇಕು. ಬೇರೆಯವರ ರವಿಕೆ ತೊಟ್ಟು, ಕೈ ಎತ್ತಲು ಆಗೋದಿಲ್ಲ ಅಂದರೆ ಅದು ಕೈಯ ತಪ್ಪೇ? ಇದೂ ಹಾಗೇ.

ಈಗ ಸೈಕಲ್ಲಿನ ಮುಂಭಾಗ ನೋಡಿ. ನಾವು ಕೈಯಲ್ಲಿ ಹಿಡಿಯೋದು ಹ್ಯಾಂಡಲ್. ಅದನ್ನು ಹೊತ್ತು ನಿಂತ ಒಂದು ತುಂಡು ಇದೆ. ಅದು ಕೆಳಗಿನ ಕೊಳವೆಯಿಂದ ಮೇಲೆ ಬಂದು ಮುಂದಕ್ಕೆ ಬಾಗುತ್ತೆ. ಅದಕ್ಕೆ ಸ್ಟೆಮ್ ಅಂತಾರೆ. ನಾವು ಅದನ್ನು ಕುತ್ತಿಗೆ ಅನ್ನೋಣ. ಹ್ಯಾಂಡಲ್ಲಿನ ಆಕಾರ, ಕುತ್ತಿಗೆಯ ಉದ್ದ, ಈ ಎರಡರಿಂದ ಸೈಕಲ್ ತಿರುಗಿಸುವ ರೀತಿ ಬದಲಾಗುತ್ತೆ.

ಬೀಸುವ ಕಲ್ಲು ನಿಮಗೆಲ್ಲ ಗೊತ್ತು. ಅದರ ಗೂಟ ಕಲ್ಲಿನ ಅಂಚಿನಲ್ಲಿ ಇರುತ್ತೆ. ಯಾಕೆ? ಗೂಟ ನಡುವಿಗೆ ಹತ್ತಿರ ಇದ್ದರೆ ಕಲ್ಲು ತಿರುಗಿಸಲು ರಟ್ಟೆ ಬಿದ್ದು ಹೋಗುತ್ತೆ. ಅಂಚಿನಲ್ಲಿ ಇದ್ದರೆ ಕಡಿಮೆ ಬಲ ಸಾಕು. ಆದರೆ ಕೈ ದೊಡ್ಡ ಸುತ್ತು ಹಾಕಬೇಕು.

ಹ್ಯಾಂಡಲ್ಲೂ ಹಾಗೇ. ಅಗಲವಾದ ಹ್ಯಾಂಡಲ್ ಹಗುರವಾಗಿ ತಿರುಗುತ್ತೆ. ಕೈ ಸ್ವಲ್ಪ ನಡುಗಿದರೂ ಚಕ್ರ ಅಷ್ಟಾಗಿ ತಿರುಗೋದಿಲ್ಲ. ಕಲ್ಲು ದಾರಿಯಲ್ಲಿ ಚಕ್ರ ಎಳೆದಾಡಿದಾಗ ಹಿಡಿದುಕೊಳ್ಳಲು ಬಲ ಸಿಗುತ್ತೆ. ಕಿರಿದಾದ ಹ್ಯಾಂಡಲ್ ಹಾಗಲ್ಲ. ಕೈ ಸ್ವಲ್ಪ ಆಡಿದರೂ ಚಕ್ರ ಪಕ್ಕಕ್ಕೆ ಹೋಗುತ್ತೆ. ಹೊಸದಾಗಿ ಕಲಿಯುವವರಿಗೆ ಅದು ಕಷ್ಟ. ಹಾಗಂತ ತೀರಾ ಅಗಲವೂ ಬೇಡ. ಸಂತೆಯಲ್ಲಿ ಎಲ್ಲರಿಗೂ ತಗುಲಿಸಿಕೊಂಡು ಹೋಗಬೇಕಾಗುತ್ತೆ! ನಿಮ್ಮ ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು.

ಇನ್ನು ಕುತ್ತಿಗೆ. ಎತ್ತಿನ ಗಾಡಿ ನೆನೆಸಿಕೊಳ್ಳಿ. ಮೂಕಿ ಉದ್ದ ಇದ್ದರೆ ಗಾಡಿ ತಿರುಗಿಸಲು ಎತ್ತುಗಳು ಪಕ್ಕಕ್ಕೆ ಹೆಚ್ಚು ಹೆಜ್ಜೆ ಇಡಬೇಕು. ಮೂಕಿ ಗಿಡ್ಡ ಇದ್ದರೆ ಎರಡೇ ಹೆಜ್ಜೆಗೆ ಗಾಡಿ ತಿರುಗುತ್ತೆ. ಸೈಕಲ್ಲಿನ ಕುತ್ತಿಗೆ ಉದ್ದ ಇದ್ದರೆ ಹ್ಯಾಂಡಲ್ ನಿಧಾನವಾಗಿ ಮಾತು ಕೇಳುತ್ತೆ. ಗಿಡ್ಡ ಇದ್ದರೆ ಚುರುಕಾಗಿ ಕೇಳುತ್ತೆ.

ನಿಧಾನ ಅಂದರೆ ಒಳ್ಳೆಯದಲ್ಲವೇ ಅಂತ ನೀವು ಕೇಳಬಹುದು. ಕೈ ಉದ್ದ ಇರುವವರಿಗೆ ಹೌದು. ನಮ್ಮ ಅಕ್ಕನಿಗೆ ಏನಾಯಿತು ನೋಡಿ. ಬಲಕ್ಕೆ ತಿರುಗುವಾಗ ಎಡಗೈ ಮುಂದಕ್ಕೆ ಹೋಗಬೇಕು. ಅವರ ಎಡಗೈ ಆಗಲೇ ಪೂರ್ತಿ ಚಾಚಿತ್ತು. ಇನ್ನು ಮುಂದೆ ಹೋಗಲು ಜಾಗ ಎಲ್ಲಿ? ಭುಜ ಎಳೆಯಿತು. ಭುಜದ ಜೊತೆ ಮೈಯೂ ವಾಲಿತು. ಕೆಳಗೆ ಬಿದ್ದರು. ಮೈಭಾರ ಅಂಗೈ ಮೇಲೆ ಬಿದ್ದರೆ ಕೈ ಜುಮ್ಮೂ ಅನ್ನುತ್ತೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಇದು ಒಂದು ಗುರುತು, ಮರೆಯಬೇಡಿ.

ಹ್ಯಾಂಡಲ್ಲಿನ ಆಕಾರಗಳು ಬೇರೆ ಬೇರೆ. ಲೇಡೀಸ್ ಸೈಕಲ್ಲಿನಲ್ಲಿ ಎರಡೂ ತುದಿ ಹಿಂದಕ್ಕೆ, ನಮ್ಮ ಕಡೆಗೆ ಬಾಗಿರುತ್ತೆ. ಬೆನ್ನು ನೆಟ್ಟಗೆ ಇಟ್ಟು ಕೂರಬಹುದು. ಸೀರೆ ಉಟ್ಟವರಿಗೂ ಸಲೀಸು. ಒಂದೇ ತೊಂದರೆ. ತೀರಾ ಹತ್ತಿರ ಇದ್ದರೆ, ಜೋರಾಗಿ ತಿರುಗಿಸಿದಾಗ ತುದಿ ಮೊಣಕಾಲಿಗೆ ಬಡಿಯುತ್ತೆ. ನೇರ ಹ್ಯಾಂಡಲ್ಲಿಗೆ ಮೈ ಮುಂದಕ್ಕೆ ಬಗ್ಗಿಸಬೇಕು. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿದ ಹ್ಯಾಂಡಲ್ ಪಂದ್ಯದವರಿಗೆ. ನಮಗೆ ಬೇಡ.

ಗಂಡಸರ ಸೈಕಲ್ ನಮಗೆ ಆಗೋದೇ ಇಲ್ಲ ಅಂತಲ್ಲ. ತಮಿಳುನಾಡಿನಲ್ಲಿ ಪುದುಕೋಟೆ ಅಂತ ಜಿಲ್ಲೆ ಇದೆ. ಅಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಸಾವಿರ ಸಾವಿರ ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಾಕಾಗಲಿಲ್ಲ. ಗಂಡಸರ ಸೈಕಲ್ಲನ್ನೇ ಹಿಡಿದರು. ಕೆಲವರಿಗೆ ಅದೇ ಇಷ್ಟವಾಯಿತಂತೆ. ಯಾಕೆ ಗೊತ್ತೇ? ನಡುವಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ! ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೇ ತರಗತಿ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಅಂಥ ಸೈಕಲ್ ನಿಮ್ಮ ಮನೆಯ ಮೂಲೆಯಲ್ಲಿ ಇದ್ದರೆ ಹೊರಗೆ ತೆಗೆಯಿರಿ.

ಈಗ ಕೆಲಸಕ್ಕೆ ಬರೋಣ. ಮೊದಲು ಸೀಟು ಕೆಳಗೆ ಇಳಿಸಿ, ಮುಂದಕ್ಕೆ ಸರಿಸಿ. ಕೈಗೆ ಹ್ಯಾಂಡಲ್ ಹತ್ತಿರ ಬರುತ್ತೆ. ಕಾಸು ಖರ್ಚಿಲ್ಲ. ಸಾಲದಿದ್ದರೆ ಹ್ಯಾಂಡಲ್ ಎತ್ತರ ಮಾಡಿ. ಕುತ್ತಿಗೆಯ ನೆತ್ತಿಯ ಮೇಲೆ ಒಂದು ಬೋಲ್ಟ್ ಇರುತ್ತೆ. ಅದನ್ನು ನಾಲ್ಕು ಸುತ್ತು ಸಡಿಲ ಮಾಡಿ. ಬೋಲ್ಟಿನ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿ. ಒಳಗಿನ ಬಿಗಿ ಬಿಡುತ್ತೆ. ಆಗ ಮೇಲಕ್ಕೆ ಎಳೆಯಿರಿ.

ಇಲ್ಲಿ ಜೋಕೆ. ಕುತ್ತಿಗೆಯ ಮೇಲೆ ಒಂದು ಗೆರೆ ಇರುತ್ತೆ. ಆ ಗೆರೆ ಹೊರಗೆ ಕಾಣಬಾರದು. ಗೆರೆ ಇಲ್ಲದಿದ್ದರೆ ಎರಡೂವರೆ ಅಂಗುಲ ಕೊಳವೆಯ ಒಳಗೇ ಇರಲಿ. ಇಲ್ಲದಿದ್ದರೆ ಹ್ಯಾಂಡಲ್ ಕೈಗೇ ಕಿತ್ತು ಬರುತ್ತೆ. ಆಮೇಲೆ ಬೋಲ್ಟ್ ಬಿಗಿ ಮಾಡಿ. ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಅಲುಗಬಾರದು. ಕಡ್ಡಿ ಬ್ರೇಕಿನ ಹಳೆ ಸೈಕಲ್ ಆದರೆ ಹ್ಯಾಂಡಲ್ ಎತ್ತಿದಾಗ ಬ್ರೇಕಿನ ಕಡ್ಡಿಯೂ ಸರಿ ಆಗಬೇಕು. ಅದನ್ನು ಸೈಕಲ್ ಶಾಪಿನವರ ಕೈಲೇ ಮಾಡಿಸಿ. ಕುತ್ತಿಗೆಯನ್ನೇ ಬದಲಿಸೋದೂ ಅವರ ಕೆಲಸವೇ. ಗಿಡ್ಡದು ಹಾಕಿ ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಯಾಕೆ?

ಇನ್ನೊಂದು. ಹಾಲಿನ ಕ್ಯಾನು, ನೀರಿನ ಕೊಡ ಹ್ಯಾಂಡಲ್ಲಿಗೆ ತೂಗುಹಾಕಬೇಡಿ. ಒಂದೇ ಕಡೆ ಭಾರ ಬಿದ್ದರೆ ಚಕ್ರ ಆ ಕಡೆಗೇ ಎಳೆಯುತ್ತೆ. ಹಿಂದಿನ ಕ್ಯಾರಿಯರಿಗೆ ಕಟ್ಟಿ.

ಆ ಅಕ್ಕನ ಸೈಕಲ್ಲಿನ ಸೀಟನ್ನು ನಿನ್ನೆ ಇಳಿಸಿದ್ದೇವೆ. ಅವರ ಮೊಣಕೈ ಈಗ ಬಾಗುತ್ತೆ. ಅವರು ಇಲ್ಲೇ ಹಿಂದೆ ಕೂತಿದ್ದಾರೆ, ಹೆಸರು ಹೇಳಬೇಡಿ ಅಂದಿದ್ದಾರೆ. ನಾಳೆ ಸಂಜೆ ಐದಕ್ಕೆ ಶಾಲೆಯ ಬಯಲಿಗೆ ಸೈಕಲ್ ತನ್ನಿ. ಸ್ಪ್ಯಾನರ್ ನಾನು ತರ್ತೀನಿ. ಮರದ ತುಂಡು ಯಾರಾದರೂ ತನ್ನಿ.