ಕ್ಷಮಿಸೋಣ, ಆದರೆ ಹಕ್ಕು ಬಿಡುವುದು ಬೇಡ

(ಮೊರಬದಲ್ಲಿ ನಡೆದ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ವಿಷಯ ಸಂತೋಷದ್ದಲ್ಲ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಕೈಕಾಲು ಕಳೆದುಕೊಂಡವರು, ತಲೆಗೆ ಏಟಾಗಿ ಹಾಸಿಗೆ ಹಿಡಿದವರು ಕಾನೂನಿನ ಪ್ರಕಾರ ಪರಿಹಾರ ಪಡೆಯುವುದು ಹೇಗೆ ಎಂಬುದು ವಿಷಯ. "ನಮ್ಮ ಮನ್ಯಾಗ ಅಂಥಾದ್ದೇನೂ ಆಗಿಲ್ಲ, ನಮಗ್ಯಾಕ್ರಿ ಇದು?" ಅಂತ ಒಬ್ಬ ತಾಯಿ ಈಗಷ್ಟೇ ಕೇಳಿದರು. ಆಗದೇ ಇರಲಿ, ಅದೇ ನಮ್ಮ ಪ್ರಾರ್ಥನೆ. ಆದರೆ ಹತ್ತಿ ಬಿಡಿಸಲಿಕ್ಕೆ ನೀವು ಟ್ರೇಲರಿನಲ್ಲಿ ಹೋಗುತ್ತೀರಿ. ನಿಮ್ಮ ಮಕ್ಕಳು ಬೈಕಿನ ಮೇಲೆ ನವಲಗುಂದ, ಧಾರವಾಡ, ಹುಬ್ಬಳ್ಳಿ ಅಂತ ಓಡಾಡುತ್ತಾರೆ. ಕೆಲವರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ರಸ್ತೆಗೂ ನಮಗೂ ದಿನದ ಸಂಬಂಧ ಇದೆ.

2021ರ ಜನವರಿ 15ರಂದು ಧಾರವಾಡದ ಹತ್ತಿರ ಇಟಿಗಟ್ಟಿ ಬಳಿ ಬೈಪಾಸಿನಲ್ಲಿ ಟಿಪ್ಪರಿಗೂ ಟೆಂಪೊ ಟ್ರಾವೆಲರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆಲ್ಲ ನೆನಪಿದೆ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಅವರು. ಇಂಥ ಅಪಘಾತವಾದಾಗ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ಗಾಯಗೊಂಡವರ ಸುದ್ದಿ "ಆಸ್ಪತ್ರೆಗೆ ದಾಖಲಿಸಲಾಗಿದೆ" ಎಂಬ ಒಂದು ಸಾಲಿಗೆ ಮುಗಿಯುತ್ತದೆ. ಆದರೆ ಅವರ ಮನೆಯ ಕಷ್ಟ ಶುರುವಾಗುವುದೇ ಆ ಸಾಲಿನಿಂದ.

ನನಗೆ ಗೊತ್ತಿರುವ ಒಂದು ಮನೆ ಇದೆ. ಊರು ಹೆಸರು ಬೇಡ. ಗಂಡ ಗೌಂಡಿ, ಮೂವತ್ತರ ವಯಸ್ಸು. ಬೈಕಿಗೆ ಹಿಂದಿನಿಂದ ಗಾಡಿ ಬಡಿದು ಬೆನ್ನು ಮುರಿಯಿತು. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಮೂರನೇ ದಿನ ಗಾಡಿ ಮಾಲೀಕನ ಕಡೆಯವರು ಆಸ್ಪತ್ರೆಗೆ ಬಂದರು. ಹಿರಿಯರು ನಡುವೆ ಕೂತರು. "ಡ್ರೈವರನೂ ನಮ್ಮಂಗ ಬಡವ ಅದಾನ. ಕೇಸು ಮಾಡಿದ್ರ ಅವನ ಮಕ್ಕಳು ಬೀದಿಗೆ ಬೀಳ್ತಾವ. ಕ್ಷಮಿಸಿಬಿಡ್ರಿ" ಅಂದರು. ಐವತ್ತು ಸಾವಿರ ಕೊಟ್ಟು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಪೊಲೀಸ್ ದೂರು ಆಗಲೇ ಇಲ್ಲ. ಆ ಐವತ್ತು ಸಾವಿರ ಆಸ್ಪತ್ರೆಯಿಂದ ಮನೆಗೆ ಬರುವುದರೊಳಗೆ ಮುಗಿದಿತ್ತು. ನಾವು ಅವರನ್ನು ಭೇಟಿಯಾದಾಗ ಒಂದೂವರೆ ವರ್ಷ ಕಳೆದಿತ್ತು. ಹೆಂಡತಿ ಕೂಲಿ ಬಿಟ್ಟು ಗಂಡನನ್ನು ನೋಡಿಕೊಳ್ಳುತ್ತಿದ್ದಳು. ಬೆನ್ನಿಗೆ ಹಾಸಿಗೆ ಹುಣ್ಣು. ಹಿರೇಮಗಳು ಶಾಲೆ ಬಿಟ್ಟಿದ್ದಳು. "ಅಣ್ಣಾ, ಅವತ್ತು ಯಾರರ ಒಬ್ರು ಹೇಳಿದ್ರ ಸಾಕಿತ್ತು" ಅಂದಳು ಆ ತಾಯಿ. ಆ ಮಾತಿಗಾಗಿಯೇ ಇವತ್ತು ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಕ್ಷಮೆ ಬೇರೆ, ಹಕ್ಕು ಬೇರೆ

ಆ ಹಿರಿಯರು ಕೆಟ್ಟವರಲ್ಲ. ಅವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ, ಅಷ್ಟೇ. ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಇರಲೇಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆ ಚಾಲ್ತಿಯಲ್ಲಿದ್ದು, ಅದರ ಷರತ್ತು ಮುರಿಯದಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ಡ್ರೈವರನ ಮಕ್ಕಳ ತಟ್ಟೆಯಿಂದ ಯಾರೂ ಅನ್ನ ಕಿತ್ತುಕೊಳ್ಳುವುದಿಲ್ಲ. ಡ್ರೈವರನ ಮೇಲಿನ ಪೊಲೀಸ್ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ. ಅವನಿಗೆ ಶಿಕ್ಷೆಯಾದರೆ ಮಾತ್ರ ಪರಿಹಾರ ಎಂಬ ನಿಯಮವೂ ಇಲ್ಲ.

ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೀವು ಕೇಳಿದ್ದೀರಿ. ದಾರಿಯಲ್ಲಿ ಗಾಯಗೊಂಡು ಬಿದ್ದವನ ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂಡಿಸಿ ಛತ್ರಕ್ಕೆ ಕರೆದೊಯ್ದ. ನಾವು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಅವನು ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟ. ಮುಂದೆ ಇನ್ನೂ ಖರ್ಚಾದರೆ ಬಂದಾಗ ತೀರಿಸುತ್ತೇನೆ ಎಂದೂ ಹೇಳಿದ. ನೋಡಿ, ಅವನು ಅವತ್ತಿನ ಗಾಯ ಮಾತ್ರ ನೋಡಲಿಲ್ಲ, ಮುಂದಿನ ಖರ್ಚಿನ ಲೆಕ್ಕವನ್ನೂ ಹಿಡಿದ. ಕಾನೂನಿನ ಪರಿಹಾರ ಅಂದರೆ ಅದೇ. ಅದು ಭಿಕ್ಷೆ ಅಲ್ಲ, ಲಾಟರಿಯೂ ಅಲ್ಲ. ಡ್ರೈವರನನ್ನು ಮನಸಾರೆ ಕ್ಷಮಿಸಿ, ಅದು ದೊಡ್ಡ ಗುಣ. ಆದರೆ ಹಾಸಿಗೆ ಹಿಡಿದವನ ಮುಂದಿನ ಬಾಳನ್ನು ಅವನ ಪರವಾಗಿ ಬಿಟ್ಟುಕೊಡುವ ಹಕ್ಕು ಕಟ್ಟೆಯ ಮೇಲೆ ಕೂತ ಯಾರಿಗೂ ಇಲ್ಲ.

ಲೆಕ್ಕ ಹೇಗೆ ಹಾಕುತ್ತಾರೆ?

ಲೆಕ್ಕಕ್ಕೆ ಆ ಗೌಂಡಿಯನ್ನೇ ಹಿಡಿಯೋಣ. ತಿಂಗಳ ದುಡಿಮೆ 10 ಸಾವಿರ ಅನ್ನಿ. ವಯಸ್ಸು ನಲವತ್ತಕ್ಕಿಂತ ಕಡಿಮೆ ಇದ್ದು ಸ್ವಂತ ದುಡಿಮೆಯವನಾದರೆ ಮುಂದಿನ ಏಳಿಗೆಗೆ ಶೇ. 40 ಸೇರಿಸಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2020ರ ತೀರ್ಪಿನಲ್ಲಿ, ಸತ್ತವರಿಗಷ್ಟೇ ಅಲ್ಲ, ಅಂಗವಿಕಲರಾದವರಿಗೂ ಈ ಏಳಿಗೆಯ ಲೆಕ್ಕ ಅನ್ವಯಿಸುತ್ತದೆ ಎಂದಿತು. ಅಲ್ಲಿಗೆ ತಿಂಗಳಿಗೆ 14 ಸಾವಿರ, ವರ್ಷಕ್ಕೆ 1 ಲಕ್ಷ 68 ಸಾವಿರ. 26ರಿಂದ 30ರ ವಯಸ್ಸಿಗೆ ಗುಣಕ 17. ಗುಣಿಸಿದರೆ 28 ಲಕ್ಷ 56 ಸಾವಿರ. ಇದು ದುಡಿಯುವ ಶಕ್ತಿ ಪೂರ್ತಿ ಹೋಗಿದೆ ಎಂದು ನ್ಯಾಯಾಲಯ ಒಪ್ಪಿದರೆ. ಶೇ. 45 ಮಾತ್ರ ಹೋಗಿದೆ ಎಂದು ಹಿಡಿದರೆ ಅದೇ ಮೊತ್ತ 12 ಲಕ್ಷ 85 ಸಾವಿರಕ್ಕೆ ಇಳಿಯುತ್ತದೆ. ಶೇಕಡಾವಾರು ಎಷ್ಟು ಮುಖ್ಯ ನೋಡಿ.

ವೈದ್ಯರು ಬರೆಯುವ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ. 2011ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಎಡಗೈ ಹೋದರೆ ಡ್ರೈವರನಿಗೋ ಬಡಿಗನಿಗೋ ಕಸುಬೇ ಹೋದಂತೆ, ಗುಮಾಸ್ತನಾದರೆ ಕುರ್ಚಿ ಉಳಿಯಬಹುದು. ಆದ್ದರಿಂದ ನಿಮ್ಮವರು ದಿನಾ ಏನು ಕೆಲಸ ಮಾಡುತ್ತಿದ್ದರು, ಈಗ ಅದರಲ್ಲಿ ಏನು ಆಗುವುದಿಲ್ಲ ಎಂಬುದನ್ನು ನ್ಯಾಯಾಲಯಕ್ಕೆ ಬಿಡಿಸಿ ಹೇಳಬೇಕು.

"ನಮ್ಮ ಹತ್ರ ಸಂಬಳದ ಚೀಟಿ ಇಲ್ಲಲ್ರಿ" ಅನ್ನುತ್ತೀರಿ. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ಕೇಳಿ. ಒಬ್ಬ ತರಕಾರಿ ಮಾರುವ ಹುಡುಗ 2008ರ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ. ಹೈಕೋರ್ಟು ನಷ್ಟವನ್ನು ಶೇ. 65ಕ್ಕೆ ಇಳಿಸಿತ್ತು. 2014ರ ವರದಿಗಳಲ್ಲಿ ಅಚ್ಚಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಶೇ. 85 ಮಾಡಿತು. ತರಕಾರಿ ಮಾರುವುದೆಂದರೆ ಒಂದೇ ಕಡೆ ಕೂಡುವುದಲ್ಲ, ಸಗಟು ಮಾರುಕಟ್ಟೆಯಿಂದ ತರಬೇಕು, ಗಾಡಿ ತಳ್ಳಬೇಕು ಎಂದು ನ್ಯಾಯಮೂರ್ತಿಗಳು ಗುರುತಿಸಿದರು. ಇಂಥ ಅಸಂಘಟಿತ ಕೆಲಸಗಾರನಿಂದ ಆದಾಯದ ದಾಖಲೆ ಕೇಳುವುದು ಸರಿಯಲ್ಲ ಎಂದು ತಿಂಗಳಿಗೆ 6,500 ರೂಪಾಯಿ ಹಿಡಿದರು.

ದುಡಿಮೆಯ ನಷ್ಟ ಒಂದೇ ಅಲ್ಲ. ಆಗಿರುವ ಆಸ್ಪತ್ರೆ ಖರ್ಚು, ಮುಂದಿನ ಔಷಧಿ, ಗಾಲಿಕುರ್ಚಿ, ನೋವು, ಕಳೆದುಹೋದ ಸುಖ, ನೋಡಿಕೊಳ್ಳುವವರ ಖರ್ಚು ಎಲ್ಲ ಬೇರೆ ಬೇರೆ ಬಾಬ್ತು. 2007ರಲ್ಲಿ 12 ವರ್ಷದ ಒಬ್ಬ ಹುಡುಗಿ ತಲೆಗೆ ಪೆಟ್ಟಾಗಿ ಪೂರ್ತಿ ಪರಾವಲಂಬಿಯಾದಳು. 2020ರಲ್ಲಿ ಸುಪ್ರೀಂ ಕೋರ್ಟು ಅವಳಿಗೆ ಒಟ್ಟು 62 ಲಕ್ಷ 27 ಸಾವಿರ ಕೊಡಿಸಿತು. ಅದರಲ್ಲಿ 21 ಲಕ್ಷ 60 ಸಾವಿರ ಬರೀ ನೋಡಿಕೊಳ್ಳುವ ಇಬ್ಬರಿಗಾಗಿ. ಹೆಂಡತಿಯೋ ತಾಯಿಯೋ ನೋಡಿಕೊಳ್ಳುತ್ತಾಳೆ ಅಂತ ಈ ಬಾಬ್ತನ್ನು ಬಿಡಬೇಡಿ, ಕೇಳಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ತೊಳೆಯುವುದು, ಉಣಿಸುವುದು. ಇದೂ ದುಡಿಮೆಯೇ.

ಮೊದಲ ದಿನವೇ ಮಾಡಬೇಕಾದ್ದು

ಗಾಯಾಳುವನ್ನು ಕೈಕಾಲು ಹಿಡಿದು ಜೋತುಬಿಟ್ಟು ಎತ್ತಬೇಡಿ. ಬೆನ್ನು, ಕುತ್ತಿಗೆ ನೆಟ್ಟಗಿರುವಂತೆ ಹಲಗೆಯ ಮೇಲೆ ಮಲಗಿಸಿ. ಸಹಾಯ ಮಾಡಿದವರನ್ನು ಪೊಲೀಸರು ಸತಾಯಿಸುತ್ತಾರೆಂಬ ಭಯ ಬೇಡ. ಅವರಿಗೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರಲ್ಲಿ ತಂದಿದೆ. ಆಸ್ಪತ್ರೆಯಲ್ಲಿ ಕೇಳಿ.

112ಕ್ಕೆ ಫೋನು ಮಾಡಿ. ಗಾಡಿಯ ನಂಬರು ಬರೆದುಕೊಳ್ಳಿ. ಮೊಬೈಲಿನಲ್ಲಿ ಜಾಗದ ಫೋಟೊ ತೆಗೆಯಿರಿ. ಆಸ್ಪತ್ರೆಯಲ್ಲಿ "ರಸ್ತೆ ಅಪಘಾತ" ಅಂತಲೇ ಬರೆಸಿ. "ಬಿದ್ದೆ" ಅಂತ ಬರೆಸಿದರೆ ಆ ಒಂದು ಪದ ಮುಂದೆ ಕೇಸನ್ನೇ ಕೆಡಿಸುತ್ತದೆ. ಎಫ್‌ಐಆರ್ ಪ್ರತಿ, ಪಂಚನಾಮೆ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ, ಔಷಧಿ ಅಂಗಡಿಯ ಹತ್ತು ರೂಪಾಯಿ ಬಿಲ್ಲಿನವರೆಗೆ ಒಂದು ಚೀಲದಲ್ಲಿ ಹಾಕಿಡಿ. ಸಂಘದ ಪಾಸ್‌ಬುಕ್ ಎಷ್ಟು ಜೋಪಾನ ಮಾಡುತ್ತೀರೋ ಅಷ್ಟೇ ಜೋಪಾನ ಇದಕ್ಕೂ ಇರಲಿ.

ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ನಿಜ. ಅವಧಿ ಮೀರಿದವರು ಕೈಚೆಲ್ಲದೆ ವಕೀಲರನ್ನು ಕೇಳಿ. ಆದರೆ ಅದನ್ನೇ ನಂಬಿ ಯಾರೂ ತಡ ಮಾಡಬೇಡಿ. ಅಪಘಾತ ಗೋವಾದಲ್ಲಿ ಆಗಿದ್ದರೂ ಅರ್ಜಿದಾರರು ವಾಸವಿರುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಬಡಿದ ಗಾಡಿ ಸಿಗದೇ ಹೋದರೂ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ಇದೆ. ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಟ್ರೇಲರಿನ ಮಾತು

ಈಗ ಸ್ವಲ್ಪ ಕಹಿ ಮಾತು. ಟ್ರ್ಯಾಕ್ಟರ್ ಟ್ರೇಲರ್ ಇರುವುದು ಮಾಲು ಸಾಗಿಸಲು. ಸರಕು ವಾಹನದಲ್ಲಿ ಪುಕ್ಕಟೆ ಕುಳಿತು ಬಂದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟಿನ ತೀರ್ಪುಗಳಿವೆ. ಎಷ್ಟೋ ಮಾಲೀಕರು ಇಂಜಿನ್ನಿಗೆ ವಿಮೆ ಮಾಡಿಸಿ ಟ್ರೇಲರಿಗೆ ಮಾಡಿಸಿರುವುದಿಲ್ಲ. ಆಗ ಹೊಣೆ ಮಾಲೀಕನ ಮೇಲೆಯೇ ಬರುತ್ತದೆ. ಅವನ ಹತ್ತಿರ ಇಲ್ಲದಿದ್ದರೆ ತೀರ್ಪು ಬರೀ ಕಾಗದವಾಗಿ ಉಳಿಯುತ್ತದೆ. ಕೂಲಿಗೆ ಕರೆಯುವವರನ್ನು ನೀವು ಹತ್ತು ಜನ ಸೇರಿ ಕೇಳಿ: "ವಿಮಾ ಐತೇನ್ರಿ? ಟ್ರೇಲರಿಗೂ ಐತೇನ್ರಿ? ಕೂಲಿಯವರನ್ನ ಅದರಾಗ ಸೇರಿಸೀರೇನ್ರಿ?" ಒಬ್ಬಳು ಕೇಳಿದರೆ ಜೋರು ಅಂತಾರೆ. ಸಂಘ ಕೇಳಿದರೆ ಉತ್ತರ ಕೊಡುತ್ತಾರೆ. ಹಾಗೆಯೇ ನಿಮ್ಮ ಮನೆಯ ಬೈಕಿನ ವಿಮೆಯಲ್ಲಿ ಮಾಲೀಕನೇ ಓಡಿಸುವಾಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ತಾನೇ ಜಾರಿ ಬಿದ್ದರೆ ಕೈಹಿಡಿಯುವುದು ಅದೊಂದೇ. ಲೈಸೆನ್ಸ್ ಮಾತ್ರ ಇರಬೇಕು.

ತಾನೇ ಬಿದ್ದವರಿಗೆ ದೋಸ್ತನ ಗಾಡಿಯ ನಂಬರು ಕೊಟ್ಟು ಕೇಸು ಮಾಡಿಸುವ ದಲ್ಲಾಳಿಗಳಿದ್ದಾರೆ. ಆ ದಾರಿಗೆ ಹೋಗಬೇಡಿ. ಅದು ಪಾಪವೂ ಹೌದು, ಅಪರಾಧವೂ ಹೌದು. ಅಂಥ ಸುಳ್ಳುಗಳಿಂದಲೇ ನಿಜವಾಗಿ ನೊಂದವರ ಮಾತನ್ನೂ ಸಂಶಯದಿಂದ ನೋಡುವಂತಾಗಿದೆ.

ವಕೀಲರಿಗೆ ಹಣವಿಲ್ಲ ಎಂಬ ಚಿಂತೆ ಬೇಡ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ನವಲಗುಂದದ ತಾಲೂಕು ಕಾನೂನು ಸೇವಾ ಸಮಿತಿ, ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಸಹಾಯವಾಣಿ 15100. ಬಂದ ಹಣದಲ್ಲಿ ಇಷ್ಟು ಪಾಲು ಎಂದು ವಕೀಲರು ಕರಾರು ಮಾಡಿಕೊಳ್ಳುವುದು ಅವರ ವೃತ್ತಿ ನಿಯಮಕ್ಕೇ ವಿರುದ್ಧ. ಲೋಕ ಅದಾಲತ್ತಿನಲ್ಲಿ ರಾಜಿ ಒಳ್ಳೆಯದೇ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಗಾಯ ಎಷ್ಟು ವಾಸಿಯಾಗುತ್ತದೆ, ಏನು ಶಾಶ್ವತವಾಗಿ ಉಳಿಯುತ್ತದೆ ಎಂದು ಗೊತ್ತಾಗುವ ಮೊದಲು ಅವಸರ ಮಾಡಬೇಡಿ. ನ್ಯಾಯಮಂಡಳಿಯ ತೀರ್ಪು ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಮೊದಲು ಬೆಂಗಳೂರಿಗೆ ಓಡಬೇಕಿತ್ತು. 2008ರಿಂದ ಧಾರವಾಡದಲ್ಲೇ ಪೀಠ ಇದೆ.

ಕೊನೆಗೆ ಒಂದು ಮಾತು. ಹಣ ಬಂದ ಮೇಲೆ ಅದರ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಲು ನ್ಯಾಯಮಂಡಳಿ ಹೇಳಬಹುದು. "ನಮ್ಮ ರೊಕ್ಕ ನಮಗ್ಯಾಕ ಕೊಡವಲ್ರು" ಅಂತ ಬೇಸರ ಬೇಡ. ಆ ಹಣ ಮನೆಯ ಮದುವೆಗಲ್ಲ, ಸಾಲ ಕೇಳಿ ಬರುವ ನೆಂಟರಿಗಲ್ಲ. ಅದು ಹಾಸಿಗೆಯಲ್ಲಿರುವವನ ಮುಂದಿನ ಇಪ್ಪತ್ತು-ಮೂವತ್ತು ವರ್ಷದ ಊಟ, ಔಷಧಿ.

ಇವತ್ತು ಮನೆಗೆ ಹೋಗುವ ಮುನ್ನ ಪ್ರತಿ ಸಂಘದಿಂದ ಇಬ್ಬರನ್ನು ಆರಿಸಿ. ಊರಲ್ಲಿ ಅಪಘಾತವಾದರೆ ಅವರು ಮೂರು ದಿನದೊಳಗೆ ಆ ಮನೆಗೆ ಹೋಗಬೇಕು, ಕಾಗದದ ಚೀಲ ನೋಡಬೇಕು, ಹೆಬ್ಬೆಟ್ಟು ಒತ್ತುವ ಮೊದಲು "ಒಂದೀಟು ತಡೀರಿ" ಅನ್ನಬೇಕು. "ಯಾರರ ಒಬ್ರು ಹೇಳಿದ್ರ ಸಾಕಿತ್ತು" ಎಂಬ ಮಾತು ಈ ಊರಿನ ಯಾವ ತಾಯಿಯ ಬಾಯಿಂದಲೂ ಬರದಿರಲಿ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ರಸ್ತೆಯಲ್ಲಿ ಕಾಪಾಡಲಿ.