ಬಾಣಾವರದ ಕೂಡುದಾರಿ

(ಬಾಣಾವರದಲ್ಲಿ ಸೇರಿದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ನ್ಯಾಯಸ್ಥಾನದಲ್ಲಿ ದಾರಿಯ ವ್ಯಾಜ್ಯಗಳನ್ನು ನಡೆಸಿ ಪಳಗಿದವರು ನಾವು. ೧೮೮೨ನೆಯ ಇಸವಿಯ ಈಸ್‌ಮೆಂಟ್ ಕಾಯಿದೆಯಲ್ಲಿ ಒಂದು ನಿಯಮವುಂಟು. ಒಬ್ಬನು ಇನ್ನೊಬ್ಬನ ನೆಲದ ಮೇಲೆ ಇಪ್ಪತ್ತು ವರ್ಷ ತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದು ಬಂದರೆ ಆ ದಾರಿ ಅವನಿಗೆ ಹಕ್ಕಾಗುವುದು. ಇಪ್ಪತ್ತು ವರ್ಷ ನಡೆಯದೆ ಬಿಟ್ಟರೆ ಅದೇ ಹಕ್ಕು ಅಳಿದುಹೋಗುವುದು. ಹೊಲದ ಕಾಲುದಾರಿಗಾಗಿ ಬರೆದ ಈ ನಿಯಮ ಹೆದ್ದಾರಿಗೆ ಕಾಯಿದೆಯಂತೆ ಸಲ್ಲದಿರಬಹುದು. ಆದರೆ ನಾಡಿನ ಬಾಳುವೆಯಲ್ಲಿ ಸಲ್ಲುವುದೆಂಬುದೇ ಇಂದಿನ ನಮ್ಮ ಅರಿಕೆ.

ನಿಮ್ಮ ಊರು ಎಲ್ಲಿ ನಿಂತಿದೆಯೆಂಬುದನ್ನು ಮೊದಲು ನೋಡಿರಿ. ತುಮಕೂರು, ತಿಪಟೂರು, ಅರಸೀಕೆರೆಗಳನ್ನು ಹಾದು ಬಂದ ಹಳೆಯ ಬೆಂಗಳೂರು–ಹೊನ್ನಾವರ ರಸ್ತೆ, ಅಂದರೆ ಜನರ ಬಾಯಲ್ಲಿನ ಬಿ.ಎಚ್. ರಸ್ತೆ, ಇಲ್ಲಿಗೆ ಬಂದು ಕವಲಾಗುವುದು. ಒಂದು ಕವಲು ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳ ಮೇಲೆ ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರಕ್ಕೆ ಇಳಿಯುವುದು. ಅದು ಇಂದಿನ ೬೯ನೆಯ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆಗಳ ಮೇಲೆ ಚಾರ್ಮಾಡಿ ಘಟ್ಟವನ್ನಿಳಿದು ಮಂಗಳೂರಿಗೆ ಹೋಗುವುದು, ಅದು ೭೩ನೆಯದು.

ಮಹನೀಯರೇ, ೧೯೫೬ನೆಯ ಇಸವಿಯ ನವೆಂಬರ್ ೧ನೆಯ ತಾರೀಖಿನವರೆಗೆ ಈ ಎರಡು ದಾರಿಗಳ ತುದಿಯೂ ಪರರ ಆಡಳಿತದಲ್ಲಿದ್ದಿತು. ಹೊನ್ನಾವರವು ಮುಂಬಯಿಗೆ ಸೇರಿದ್ದಿತು. ಮಂಗಳೂರು ಮದರಾಸಿಗೆ ಸೇರಿದ್ದಿತು. ಬಾಣಾವರದಿಂದ ಹೊರಟ ಬಂಡಿಯವನು ಘಟ್ಟವಿಳಿದರೆ ಅಲ್ಲಿಯೂ ಕನ್ನಡದಲ್ಲೇ ವ್ಯಾಪಾರ ಮಾಡಬಹುದಾಗಿದ್ದಿತು. ಆಳುವ ಸರಕಾರ ಮಾತ್ರ ಬೇರೆ. ನಾಡನ್ನು ಒಂದುಮಾಡಬೇಕೆಂದು ಸಭೆಗಳಲ್ಲಿ ನಿರ್ಣಯಗಳಾಗುವುದಕ್ಕೆ ಬಹು ಹಿಂದೆಯೇ ಈ ದಾರಿ ಅದನ್ನು ಒಂದುಮಾಡಿತ್ತು. ಕಾಗದದ ಏಕೀಕರಣ ೧೯೫೬ರದು. ಕಾಲಿನ ಏಕೀಕರಣ ಅದಕ್ಕಿಂತ ಹಿರಿಯದು.

ಈ ದಾರಿಯ ಸಂಪತ್ತು ಸಾಮಾನ್ಯವೆ? ಅರಸೀಕೆರೆಯಲ್ಲಿ ೧೨೨೦ರ ಈಶ್ವರ ದೇವಾಲಯವಿದೆ. ಅದರ ಮುಂದಣ ಮಂಟಪವನ್ನು ಹದಿನಾರು ಮೂಲೆಯ ನಕ್ಷತ್ರದಂತೆ ಕಟ್ಟಿರುವರು. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕಡೆದ ಕಲ್ಲಿನ ಮೇಲೆ ತನ್ನ ಹೆಸರು ಕೊರೆದಿರುವನು. ಅದೇ ಊರಿನ ದರ್ಗಾಕ್ಕೆ ಹಿಂದುಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುವರು. ಮುಂದೆ ಹಳೇಬೀಡು, ಅದರಿಂದ ಹದಿನಾರು ಕಿಲೋಮೀಟರು ನಡೆದರೆ ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರು ಚೆನ್ನಕೇಶವ. ಈ ಎರಡನ್ನೂ ಸೋಮನಾಥಪುರದೊಡನೆ ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಲ್ಲಿನ ಸಂಪತ್ತಿನಂತೆ ತೆಂಗಿನ ಸಂಪತ್ತೂ ಇದೆ. ತಿಪಟೂರಿನ ಕೊಬ್ಬರಿ ಮಂಡಿಯ ಹೆಸರನ್ನು ಕೇಳದ ವರ್ತಕನಿಲ್ಲ. ಇಲ್ಲಿಯ ರೈತನು ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾಯುವನು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡನೆ ಸದ್ದು ಮಾಡಿದಾಗ ಅದು ಉಂಡೆಕೊಬ್ಬರಿಯಾಯಿತು. ಅವಸರದಿಂದ ಆಗುವ ಪದಾರ್ಥವಲ್ಲವದು. ಆದರೆ ಅದರ ಬೆಲೆಯೋ ದೂರದ ಊರುಗಳ ಬೇಡಿಕೆಯನ್ನು ನೆಚ್ಚಿದ್ದು. ದಾರಿಯಿಲ್ಲದಿದ್ದರೆ ಅಟ್ಟದ ಮೇಲಿನ ಕಾಯಿಗೆ ಬೆಲೆಯಿಲ್ಲ.

ಈಗ ನಮ್ಮ ಕಳವಳವನ್ನು ಹೇಳುವೆವು. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥಗಳಾಗಿ ಅಗಲಿಸುವ ಕಾಮಗಾರಿ ಬಂದಿದೆ. ಇಂತಹ ದಾರಿ ಊರಿನೊಳಗೆ ಬರುವುದಿಲ್ಲ. ಊರನ್ನು ಬಳಸಿ ಹೋಗುವುದು. ಅದನ್ನು ನಾವು ವಿರೋಧಿಸುವವರಲ್ಲ. ರೋಗಿಯನ್ನು ಹೊತ್ತ ಗಾಡಿ ಬೇಗ ತಲಪಬೇಕು. ಶಾಲೆಯ ಮಕ್ಕಳು ಲಾರಿಗಳ ನಡುವೆ ದಾರಿ ದಾಟುವುದು ತಪ್ಪಬೇಕು. ಆದರೆ ನಿಂತು ಹೋಗುವವನು ನಿಲ್ಲದೆ ಹೋದಾಗ ಹೋಟೆಲಿನವನ ಒಲೆ, ಎಳನೀರು ಮಾರುವ ಮುದುಕಿಯ ಗೂಡು, ಗಾಲಿಗೆ ತೇಪೆ ಹಾಕುವ ಹುಡುಗನ ಕೂಲಿ ಇವುಗಳ ಗತಿಯೇನು? ಬೆಂಗಳೂರಿನ ಪ್ರವಾಸಿಗಳು ಈಗಾಗಲೇ ಹಾಸನದ ಮೇಲೆ ಬೇಲೂರಿಗೆ ಹೋಗುವರು. ಬಾಣಾವರದ ದಾರಿ ಬಳಕೆ ತಪ್ಪಿದರೆ ಅದರ ಹಕ್ಕು ಅಳಿದಂತೆಯೇ ಅಲ್ಲವೆ?

ನಿರಾಶರಾಗಬೇಕಾದುದಿಲ್ಲ. ನಿಮ್ಮ ಊರಿನ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ. ಹೈದರಾಲಿಯು ನಾಗಪುರಿಯೆಂಬ ಹೊಸ ಪಟ್ಟಣವನ್ನು ಕಟ್ಟಲೆಳಸಿ ಬಾಣಾವರದ ಜನರನ್ನು ಅಲ್ಲಿಗೆ ಎಬ್ಬಿಸಿಕೊಂಡು ಹೋದನು. ಆ ಸ್ಥಳ ಆರೋಗ್ಯಕ್ಕೆ ಒಗ್ಗಲಿಲ್ಲ. ಜನರು ತಿರುಗಿ ಇಲ್ಲಿಗೇ ಬಂದು ನೆಲಸಿದರು. ಅರಸನ ಆಜ್ಞೆಯಿಂದ ಬರಿದಾದ ಊರು ಜನರ ಬಯಕೆಯಿಂದ ತುಂಬಿತು. ಅಂದು ಮರಳಿ ಬಂದವರ ಮಕ್ಕಳು ಇಂದು ಕೈಕಟ್ಟಿ ಕುಳಿತುಕೊಳ್ಳುವರೆ?

ಮಾಡತಕ್ಕ ಕೆಲಸ ದೊಡ್ಡದಲ್ಲ. ಹುಬ್ಬಳ್ಳಿ, ಹಾವೇರಿ, ದಾವಣಗೆರೆಗಳ ಕಡೆಯಿಂದ ರೈಲಿನಲ್ಲಿ ಬರುವ ಕನ್ನಡಿಗನಿಗೆ ಹಳೇಬೀಡಿನ ಬಾಗಿಲು ನಿಮ್ಮ ನಿಲ್ದಾಣವಾಗಬಲ್ಲದು. ನಿಲ್ದಾಣದಲ್ಲಿಯೂ ಹೊಸ ಹೆದ್ದಾರಿಯ ತಿರುವಿನಲ್ಲಿಯೂ ಜಾವಗಲ್, ಹಳೇಬೀಡು, ಬೇಲೂರುಗಳ ದೂರವನ್ನೂ ಕಾಲವನ್ನೂ ತಿಳಿಸುವ ಕನ್ನಡ ಹಲಗೆಗಳನ್ನು ವರ್ತಕರು ಕೂಡಿ ಹಾಕಿಸಲಿ. ಶುಚಿಯಾದ ಒಂದು ತಂಗುಮನೆ ಏಳಲಿ. ಉಪಾಧ್ಯಾಯರು ವರ್ಷಕ್ಕೊಮ್ಮೆ ಮಕ್ಕಳನ್ನು ಜಾವಗಲ್ಲಿಗೆ ಕರೆದೊಯ್ದು ಮಲ್ಲಿತಮ್ಮನ ಹೆಸರನ್ನು ಅವರಿಂದಲೇ ಓದಿಸಲಿ. ಓದಿದ ಮಗು ಆ ದಾರಿಯನ್ನು ಮರೆಯದು.

ದಾರಿಯ ಹಕ್ಕನ್ನು ನ್ಯಾಯಾಧೀಶನು ಕೊಡುವುದಿಲ್ಲ. ನಡೆದವನು ಗಳಿಸುವನು, ನ್ಯಾಯಾಧೀಶನು ಅದನ್ನು ಬರೆದಿಡುವನು ಅಷ್ಟೆ. ಒಂದಾದ ಕರ್ನಾಟಕದ ಹಕ್ಕೂ ಅಂಥದೇ. ಹಿರಿಯರು ನಡೆದು ಗಳಿಸಿಕೊಟ್ಟರು. ಅದನ್ನು ಉಳಿಸಿಕೊಳ್ಳಲು ನಾವೂ ನಡೆಯಬೇಕು.