‘ರೈಟ್’ ಅಂದವರು ಯಾರು?



“ವಿಮಾನ ಓಡಿಸೋದು ಕಲಿತಿದ್ದೀಯಂತಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಪ್ಪ” ಎಂದು ನಮ್ಮ ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಎಂಜಿನಿಯರ್. ಮೈಸೂರಿನಲ್ಲಿ ಬಿ.ಇ. ಓದಿದೆ. ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದಲ್ಲಿದ್ದಾಗ ಸಣ್ಣ ವಿಮಾನ ಹಾರಿಸುವುದನ್ನು ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ಪಡೆದೆ. ಆದರೆ ವಿಮಾನಕ್ಕೆ ಮೊದಲು ಒಂದು ಬಸ್ಸಿನ ಸಂಗತಿ ಹೇಳಬೇಕು.

ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಸಂತೆಯ ದಿನ, ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಮುಂದೆ ಟಿಕೆಟ್ ಕೊಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ಒಬ್ಬ ಅಜ್ಜಿ ಬುಟ್ಟಿ ಹಿಡಿದು ಇಳಿಯುತ್ತಿದ್ದರು. ನಡುವೆ ನಿಂತಿದ್ದ ಹುಡುಗನೊಬ್ಬ ಹುಡುಗಾಟಕ್ಕೆ “ರೈಟ್ ರೈಟ್” ಎಂದು ಕೂಗಿಬಿಟ್ಟ. ಡ್ರೈವರ್ ಬಸ್ಸು ಬಿಟ್ಟರು. ಅಜ್ಜಿ ಬಿದ್ದರು. ಕೈ ಮುರಿಯಿತು. “ಯಾವನ್ಲಾ ರೈಟ್ ಅಂದೋನು?” ಎಂದು ಕಂಡಕ್ಟರ್ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಮರುದಿನ ಮೇಷ್ಟ್ರು ತರಗತಿಯಲ್ಲಿ ಹೇಳಿದರು: “ನಿನಗೆ ಬಾಗಿಲು ಕಾಣದಿದ್ದರೆ ರೈಟ್ ಅನ್ನಬೇಡ.”

ಈಗ ವಿಮಾನಕ್ಕೆ ಬರೋಣ. ದೊಡ್ಡ ನಿಲ್ದಾಣಗಳಲ್ಲಿ ಟವರ್ ಇರುತ್ತದೆ. ಯಾರು ಇಳಿಯಬೇಕು, ಯಾರು ಕಾಯಬೇಕು ಎಂದು ಅಲ್ಲಿ ಕುಳಿತವರು ಹೇಳುತ್ತಾರೆ. ನಾನು ಕಲಿತಂಥ ಸಣ್ಣ ಮೈದಾನಗಳಲ್ಲಿ ಟವರ್ ಇಲ್ಲ. ಪೈಲಟ್‌ಗಳೇ ರೇಡಿಯೊದಲ್ಲಿ “ನಾನು ಇಂಥವನು, ಇಂಥ ಕಡೆ ಇದ್ದೇನೆ, ಇಂಥ ರನ್‌ವೇಗೆ ಇಳಿಯುತ್ತೇನೆ” ಎಂದು ಹೇಳಿಕೊಳ್ಳುತ್ತಾರೆ. ಎಲ್ಲರಿಗೂ ಒಂದೇ ತರಂಗ. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರೂ ಒತ್ತಿದರೆ ಕಿರ್ರೆನ್ನುವ ಸದ್ದು ಬಿಟ್ಟು ಏನೂ ಕೇಳುವುದಿಲ್ಲ.

ಹೊಸಬರ ತಪ್ಪುಗಳು ಬಹುಮಟ್ಟಿಗೆ ಒಂದೇ ಬಗೆಯವು. ಬೇರೆಯವರ ಮಾತು ಮುಗಿಯುವ ಮೊದಲೇ ಗುಂಡಿ ಒತ್ತುವುದು. ಗುಂಡಿ ಒತ್ತುವ ಮೊದಲೇ ಮಾತು ಶುರುಮಾಡಿ ಮೊದಲ ಪದ ನುಂಗಿಹೋಗುವುದು. ತಮ್ಮ ವಿಮಾನದ ಗುರುತು ಹೇಳದಿರುವುದು. ಹರಿಕಥೆಯಂತೆ ಉದ್ದಕ್ಕೆ ಹೇಳುವುದು. ಎಲ್ಲಕ್ಕಿಂತ ಕೆಟ್ಟದ್ದು, ಅರ್ಥವಾಗದಿದ್ದರೂ “ರೋಜರ್” ಅನ್ನುವುದು. ರೋಜರ್ ಎಂದರೆ ‘ಸರಿ, ಆಗಲಿ’ ಅಲ್ಲ; ‘ನೀವು ಹೇಳಿದ್ದೆಲ್ಲ ಕೇಳಿಸಿತು’ ಎಂದಷ್ಟೇ. ಅದಕ್ಕೇ ಟವರ್ ಇರುವ ಕಡೆ ಮುಖ್ಯವಾದ ಸೂಚನೆಯನ್ನು ನಾವು ಮಗ್ಗಿ ಒಪ್ಪಿಸಿದಂತೆ ತಿರುಗಿ ಒಪ್ಪಿಸಬೇಕು.

ನಾನೂ ತಪ್ಪು ಮಾಡಿದ್ದೇನೆ. ರನ್‌ವೇಗೆ ದಿಕ್ಕಿನ ಅಂಕಿಯೇ ಹೆಸರು. ಪೂರ್ವಕ್ಕೆ ಮುಖಮಾಡಿದರೆ 09, ಅದೇ ರನ್‌ವೇಯಲ್ಲಿ ಪಶ್ಚಿಮಕ್ಕೆ ಮುಖಮಾಡಿದರೆ 27. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇಗೂ ಇವೇ ಎರಡು ಹೆಸರು. ಒಬ್ಬನೇ ಹಾರುತ್ತಿದ್ದ ಒಂದು ದಿನ ನಾನು 27ಕ್ಕೆ ಇಳಿಯುತ್ತಾ, ಗಾಬರಿಯಲ್ಲಿ 09 ಎಂದೆ. ಕೆಳಗೆ ಹೊರಡಲು ನಿಂತಿದ್ದ ವಯಸ್ಸಾದ ಪೈಲಟ್ ಒಬ್ಬರು ನನ್ನ ಮಾತು ನಂಬಿ ಆ ತುದಿಯ ಆಕಾಶ ನೋಡಿದ್ದರೆ, ಖಾಲಿ ಇದೆಯೆಂದು ರನ್‌ವೇಗೆ ಬಂದುಬಿಡುತ್ತಿದ್ದರು. ಅವರು ಹಾಗೆ ಮಾಡದೆ, “ಸೇ ಅಗೇನ್, 09ಕ್ಕೋ 27ಕ್ಕೋ?” ಎಂದರು. ಆ ಒಂದು ಪ್ರಶ್ನೆಯಿಂದ ನಾವಿಬ್ಬರೂ ಉಳಿದೆವು.

ಅಂಥ ಪ್ರಶ್ನೆಯನ್ನು ಕೇಳಿಯೂ ಉಳಿಯದವರಿದ್ದಾರೆ. 1996ರ ನವೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ ಎಂಬ ಊರಿನ ಟವರ್ ಇಲ್ಲದ ನಿಲ್ದಾಣಕ್ಕೆ 12 ಜನರಿದ್ದ ವಿಮಾನವೊಂದು ಇಳಿಯಲು ಬರುತ್ತಿತ್ತು. ಅಡ್ಡ ಹಾಯುವ ಇನ್ನೊಂದು ರನ್‌ವೇಯಲ್ಲಿ ಕಿಂಗ್ ಏರ್ ಎಂಬ ವಿಮಾನ ನಿಂತಿತ್ತು. “ಕಿಂಗ್ ಏರ್, ನೀವು ಕಾಯುತ್ತೀರಾ, ಹೊರಡುತ್ತೀರಾ?” ಎಂದು ಇಳಿಯುವವರು ಕೇಳಿದರು. ಕಿಂಗ್ ಏರ್ ಮಾತಾಡಲಿಲ್ಲ. ಅದರ ಹಿಂದೆ ನಿಂತಿದ್ದ ಪುಟ್ಟ ಖಾಸಗಿ ವಿಮಾನದ ಪೈಲಟ್ ‘ಕಾಯುತ್ತಿದ್ದೇನೆ’ ಎಂದ. ಅದೇ ಕ್ಷಣ ಇಳಿಯುವ ವಿಮಾನದೊಳಗಿನ ಎಚ್ಚರಿಕೆಯ ಧ್ವನಿ ಆ ಮಾತಿನ ಮೇಲೆ ಬಿತ್ತು. ಕಿಂಗ್ ಏರೇ ಉತ್ತರ ಕೊಟ್ಟಿತೆಂದು ಅವರು ತಿಳಿದರು. ಕಿಂಗ್ ಏರ್ ಹೊರಟೇಬಿಟ್ಟಿತು. ಎರಡೂ ಡಿಕ್ಕಿಯಾಗಿ, ಎರಡರಲ್ಲೂ ಇದ್ದ 14 ಜನ ತೀರಿಕೊಂಡರು. ಕಿಂಗ್ ಏರ್‌ನವರು ರೇಡಿಯೊಗೆ ಸರಿಯಾಗಿ ಕಿವಿಗೊಡಲಿಲ್ಲ, ಸುತ್ತ ನೋಡಲಿಲ್ಲ ಎಂಬುದು ತನಿಖೆಯ ಮುಖ್ಯ ತೀರ್ಮಾನ. ಬೇರೆಯವನ ಉತ್ತರವನ್ನು ಅವರದೆಂದು ತಿಳಿದದ್ದೂ ಅದರೊಳಗೆ ಸೇರಿತ್ತು. ಅದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ನಮ್ಮೂರ ಬಸ್ಸು.

ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ನವೆಂಬರ್ 12ರಂದು, ನಮ್ಮ ದೇಶದಲ್ಲೇ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತಿದ್ದರು. ಒಂದು ವಿಮಾನ ತನಗೆ ಹೇಳಿದ್ದ ಎತ್ತರಕ್ಕಿಂತ ಕೆಳಗೆ ಇಳಿದಿತ್ತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸಾಲದಿದ್ದುದನ್ನೂ ತನಿಖೆ ಎತ್ತಿ ತೋರಿಸಿತು.

ಇಂಗ್ಲಿಷ್ ಎಂದೊಡನೆ ನಮ್ಮ ಮಕ್ಕಳು ತಲೆ ತಗ್ಗಿಸಬೇಡಿ. ನಾನೂ ಇದೇ ಕೊಠಡಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ರೇಡಿಯೊ ಭಾಷೆಯಲ್ಲಿ ಬೇಕಾದ ಪದಗಳು ಕಡಮೆ, ವಾಕ್ಯಗಳು ಗಿಡ್ಡ. ನನ್ನ ಉಚ್ಚಾರಣೆಗೆ ಅಲ್ಲಿ ಯಾರೂ ನಗಲಿಲ್ಲ. ನನಗೆ ತೊಂದರೆ ಕೊಟ್ಟದ್ದು ನಾಚಿಕೆ. ಅರ್ಥವಾಗದಿದ್ದರೂ “ಎಸ್ ಸಾರ್” ಅನ್ನುವ ಅಭ್ಯಾಸ. ಆಕಾಶದಲ್ಲಿ ಮಾತ್ರವಲ್ಲ, ಹೊಗೆಸೊಪ್ಪಿನ ಹರಾಜಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನಾವು ತಲೆಯಾಡಿಸಿ ಬರುವುದೂ ಇದೇ ಅಭ್ಯಾಸದಿಂದ. “ಇನ್ನೊಂದು ಸಲ ಹೇಳಿ ಸಾರ್” ಎಂದರೆ ಮರ್ಯಾದೆ ಹೋಗುವುದಿಲ್ಲ. ಮಕ್ಕಳು ಹಾಗೆ ಕೇಳಿದಾಗ ದಯವಿಟ್ಟು ಗದರಬೇಡಿ ಎಂದು ಗುರುಗಳಲ್ಲಿ ನನ್ನ ಕೋರಿಕೆ.

ಕೊನೆಯದಾಗಿ, ಅಂದು ಬಸ್ಸಿನಲ್ಲಿ “ರೈಟ್” ಅಂದವನು ನಾನೇ. ಕಂಡಕ್ಟರ್ ಕೇಳಿದಾಗ ಬಾಯಿ ಬಿಡದವನೂ ನಾನೇ. ಆ ಅಜ್ಜಿ ಈಗಿಲ್ಲ. ಅವರ ಮನೆಯವರು ಈ ಸಭೆಯಲ್ಲಿದ್ದರೆ, ತಡವಾಯಿತು, ಆದರೂ ಕೈಮುಗಿದು ಕ್ಷಮೆ ಕೇಳುತ್ತೇನೆ. ಮೇಷ್ಟ್ರೇ, ನಿಮಗೆ ಅಂದೇ ಗೊತ್ತಿತ್ತೆಂದು ನನಗೆ ಅನುಮಾನ.